ಉಣ್ಣೆಯ ಮುನಿಸು

ಅಂಗಡಿಯ ಉಣ್ಣೆದಾರದಿಂದ ಸ್ವೆಟರ್ ಹೆಣೆಯುವುದು ಪಟ್ಟಣದ ಗೃಹಿಣಿಯರಿಗೆ ಹೊಸತಲ್ಲ. ಆದರೆ ಕುರಿಯ ಮೈಯಿಂದ ಇಳಿದ ಉಣ್ಣೆಗೆ ಮನೆಯಲ್ಲಿಯೇ ಬಣ್ಣ ಕಟ್ಟಿ ನೂಲುವವರು ವಿರಳ. ಕೈಹಾಕಿದವರಲ್ಲಿಯೂ ಹಲವರು ಮೊದಲ ದಿನವೇ ಬೇಸತ್ತು ಬಿಡುವುದುಂಟು. ಅವರನ್ನು ಸೋಲಿಸುವುದು ಬಣ್ಣವಲ್ಲ, ಅವಸರ.

ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಹುರುಪೆಯಂತಹ ಸೂಕ್ಷ್ಮ ಪದರಗಳಿವೆ. ಬಿಸಿನೀರಿನಲ್ಲಿ ಅದನ್ನು ಬಟ್ಟೆ ಒಗೆದಂತೆ ತಿಕ್ಕಿದರೆ ಆ ಪದರಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಹಾಗೆ ಗಂಟುಗಟ್ಟಿದ ಉಣ್ಣೆಯನ್ನು ಬಿಡಿಸಲು ಬ್ರಹ್ಮನಿಂದಲೂ ಆಗದು!

ಆದುದರಿಂದ ಬಿಳಿಯ ಉಣ್ಣೆಯನ್ನು ಅಂಟುವಾಳದ ಬೆಚ್ಚನೆಯ ನೀರಿನಲ್ಲಿ ಸುಮ್ಮನೆ ನೆನೆಯಿಟ್ಟು ಜಿಡ್ಡು ಕಳೆಯಬೇಕು. 100 ಗ್ರಾಂ ಒಣ ಉಣ್ಣೆಗೆ 10 ಗ್ರಾಂ ಪಟಿಕ ಸಾಕು. ಅದು ಕರಗಿದ ನೀರಿನಲ್ಲಿ ಒಂದು ಗಂಟೆ, ಕುದಿಯಗೊಡದೆ ಕಾಯಿಸಿದರೆ ಬಣ್ಣ ನಿಲ್ಲುವ ಗುಣ ಬರುತ್ತದೆ. ಬಳಿಕ ಚೆಂಡುಹೂವಿನ ಕಷಾಯದಲ್ಲಿ ಕಾಯಿಸಿದರೆ ಹೊಂಬಣ್ಣ. ಅರಿಸಿನವೂ ಹಳದಿಯನ್ನೇ ಕೊಡುತ್ತದೆ, ಆದರೆ ಬಿಸಿಲು ಕಂಡೊಡನೆ ಬಿಳಿಚಿಕೊಳ್ಳುತ್ತದೆ. ಅಡುಗೆಯ ಪಾತ್ರೆ ಈ ಕೆಲಸಕ್ಕೆ ಬೇಡ. ಪಾತ್ರೆ ತಾನಾಗಿ ಆರುವವರೆಗೆ ಕೈಯಿಡದೆ ಕುಳಿತಿರುವುದೇ ಕಠಿನ. ಮಕ್ಕಳಿರುವ ಮನೆಯಲ್ಲಂತೂ ಹೇಳುವುದೇ ಬೇಡ.

ನೆರಳಿನಲ್ಲಿ ಒಣಗಿಸಿ, ಬೆರಳಿನಿಂದ ಹಿಂಜಿ, ತಕಲಿಗೆ ಕೊಡಬೇಕು. ಮೊದಲ ನೂಲು ಒಂದೆಡೆ ಹಗ್ಗ, ಇನ್ನೊಂದೆಡೆ ಜೇಡನ ಎಳೆ! ಹುರಿ ಏರುವ ಮುನ್ನವೇ ಉಣ್ಣೆಯನ್ನು ತೆಳ್ಳಗೆ ಎಳೆದುಕೊಳ್ಳಬೇಕು. ಹುರಿ ಹೊಕ್ಕ ಮೇಲೆ ಅದು ಜಗ್ಗದು. ಈ ಹದ ಬೆರಳಿಗೆ ಬರುವವರೆಗೆ ಬಣ್ಣದ ಉಣ್ಣೆಯನ್ನು ಎತ್ತಿಟ್ಟು, ಚಳ್ಳಕೆರೆಯ ಕಂಬಳಿಗಳಲ್ಲಿ ಕಾಣುವಂತಹ ಕರಿಯ ಉಣ್ಣೆಯಲ್ಲಿ ಕೈ ಪಳಗಿಸಬಹುದು. ಅದಕ್ಕೆ ಬಣ್ಣದ ಹಂಗೇ ಇಲ್ಲ.