ಹಲಗೆಯ ಅಡಿಯ ನೆಲ

ಕೋಣೆಗೆ ಸಾಗುವಾನಿ ಹಲಗೆಯ ನೆಲ ಹಾಸಬೇಕೆಂಬ ಆಸೆ ನಮ್ಮ ಕರಾವಳಿಯ ಕೆಲವು ಮನೆಗಳಲ್ಲೂ ಇದೆ. ಮರದ ಬಣ್ಣ, ಪಾಲಿಶ್ ಬಗ್ಗೆ ಮನೆಮಂದಿಯೆಲ್ಲ ಮಾತನಾಡುತ್ತಾರೆ. ಅದರಡಿಯ ಕಾಂಕ್ರೀಟು ಒಣಗಿದೆಯೇ ಎಂದು ಕೇಳುವವರು ಕಡಿಮೆ. ಪತಿ ಗಲ್ಫಿನಲ್ಲಿದ್ದರೆ ಕೆಲಸ ಮಾಡಿಸುವವರು ನೀವೇ. ಆದ್ದರಿಂದ ಸಹೋದರಿ, ಈ ಪ್ರಶ್ನೆಯನ್ನು ನೀವೇ ಕೇಳಬೇಕು.

ಹಲಗೆಯಾದ ಮೇಲೂ ಮರ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಅಗಲದಲ್ಲಿ ಹಿಗ್ಗುತ್ತದೆ. ತೇವ ಅಡಿಯಿಂದ ಬಂದರೆ ಹಲಗೆಯ ಅಂಚುಗಳು ಮೇಲೆದ್ದು ನಡು ತಗ್ಗಾಗುತ್ತದೆ. ಹಳೆಯ ಮನೆಗಳ ಮಾಳಿಗೆಯ ಹಲಗೆಗಳು ತೊಲೆಗಳ ಮೇಲಿದ್ದವು, ಅಡಿಯಲ್ಲೂ ಗಾಳಿಯಾಡುತ್ತಿತ್ತು. ಕಾಂಕ್ರೀಟಿನ ಮೇಲೆ ಹಾಸಿದ ಹಲಗೆಗೆ ಆ ಅನುಕೂಲವಿಲ್ಲ.

ಕಾಂಕ್ರೀಟು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳಂತೆ ಒಣಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. 4 ಇಂಚಿನ ನೆಲಕ್ಕೆ 4 ತಿಂಗಳು. ನಡುವೆ ಮಳೆಗಾಲ ಬಂದರೆ ಇನ್ನೂ ಹೆಚ್ಚು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಒಳಗೆ ನೀರಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕೆಲಸ ಆರಂಭಿಸಬೇಡಿ. ಹನಿ ಕಾಣದಿದ್ದರೂ ತೇವ ಅಳೆಯುವ ಮೀಟರಿನಿಂದ ಪರೀಕ್ಷಿಸಿದರೆ ಒಳ್ಳೆಯದು.

ಬಳಿಕ ಮಟ್ಟ. 10 ಅಡಿ ಉದ್ದದಲ್ಲಿ 5 ಮಿಲಿಮೀಟರಿಗಿಂತ ಹೆಚ್ಚಿನ ಏರುತಗ್ಗು ಇರಬಾರದು. ನೆಲ ಗುಡಿಸಿ, ದಪ್ಪ ಪಾಲಿಥೀನ್ ಹಾಸಿ, ಅದರ ಮೇಲೆ ನೀರು ತಡೆಯುವ ಮುಕ್ಕಾಲು ಇಂಚಿನ ಪ್ಲೈವುಡ್ ಬಿಗಿಯಬೇಕು. ಪ್ಲೈವುಡ್ ಹಾಳೆಗಳ ನಡುವೆ 3 ಮಿಲಿಮೀಟರ್ ಸಂದು ಬಿಡಬೇಕು. ಮರದ ಹಲಗೆಗಳನ್ನು ಅದೇ ಕೋಣೆಯಲ್ಲಿ ಕಟ್ಟು ಬಿಚ್ಚಿ ಕೆಲವು ದಿನ ಇರಿಸಿ, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲಷ್ಟೇ ಮೊಳೆ ಹೊಡೆಸಿ. ಗೋಡೆಯ ಸುತ್ತ ಮುಕ್ಕಾಲು ಇಂಚು ಜಾಗ ಬಿಡುವುದನ್ನು ಮರೆಯಬೇಡಿ. ಹಿಗ್ಗುವ ಮರಕ್ಕೆ ಅದು ಬೇಕು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ವುಝೂ ಮಾಡುವ ಜಾಗದ ಹತ್ತಿರ ಹಲಗೆ ಬೇಡವೇ ಬೇಡ. ಒರೆಸುವ ಬಟ್ಟೆಯನ್ನೂ ಚೆನ್ನಾಗಿ ಹಿಂಡಿರಬೇಕು.

ಇಷ್ಟೆಲ್ಲ ಕಾಯಲು ಪುರುಸೊತ್ತೆಲ್ಲಿದೆ, ಮದುವೆ ದಿನ ಹತ್ತಿರ ಬಂತು ಎನ್ನುವಿರಾ? ಹಾಗಾದರೆ ಹಲಗೆಯ ಕೆಲಸವನ್ನು ಮದುವೆಯ ನಂತರಕ್ಕೆ ಇಟ್ಟುಕೊಳ್ಳಿ. ನೆಂಟರು ಒಂದು ದಿನ ನೋಡಿ ಹೋಗುತ್ತಾರೆ. ಉಬ್ಬಿದ ನೆಲದಲ್ಲಿ ವರ್ಷಗಟ್ಟಲೆ ನಡೆಯಬೇಕಾದವರು ನೀವು. ಅವಸರಪಡಿಸಿ ಮಾಡಿಸಿ, ಆಮೇಲೆ ಬಡಗಿಯ ಕೂಲಿ ಹಿಡಿದಿಡುವುದು ನ್ಯಾಯವಲ್ಲ. ಅಡಿಪಾಯದ ಖರ್ಚಿಗೆ ಹಣ ಸಾಲದಿದ್ದರೆ ಕೆಂಪು ಸಿಮೆಂಟಿನ ನೆಲವೇ ಇರಲಿ. ಅದರಲ್ಲಿ ಅವಮಾನವೇನೂ ಇಲ್ಲ. ಸಾಲ ಮಾಡಿ ತೋರಿಕೆಗೆ ಹಾಸಿದ ಹಲಗೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ಪವಿತ್ರ ಕುರ್‌ಆನಿನ 9ನೇ ಅಧ್ಯಾಯದ 109ನೇ ಸೂಕ್ತದಲ್ಲಿ ದೇವಭಯದ ಮೇಲೆ ಬುನಾದಿ ಹಾಕಿದವನನ್ನೂ ಕುಸಿಯುವ ದಂಡೆಯ ಅಂಚಿನಲ್ಲಿ ಕಟ್ಟಿದವನನ್ನೂ ಹೋಲಿಸಲಾಗಿದೆ. ಅಲ್ಲಿ ಮಾತು ಈಮಾನಿನದು. ಆದರೆ ಕಾಣದ ಕಡೆಯ ಕೆಲಸವನ್ನೂ ಪ್ರಾಮಾಣಿಕವಾಗಿ ಮಾಡುವ, ಮಾಡಿಸುವ ಅಭ್ಯಾಸ ಅದೇ ಈಮಾನಿನ ಫಲವಲ್ಲವೇ?