ಕೂಲಿಯ ಅಂಕೆಯೂ ಕೂಲಿಯ ನ್ಯಾಯವೂ

ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬಿ ಬಕೆಟ್ ತಯಾರಿಸುವ ಯಂತ್ರವು ಜಗತ್ತಿನ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಅದರ ಮುಂದೆ ನಿಲ್ಲುವವನ ಬೆವರೂ ಒಂದೇ. ಕೂಲಿ ಮಾತ್ರ ಒಂದೇ ಅಲ್ಲ. 2025ರಲ್ಲಿ ಜರ್ಮನಿಯ ಶಾಸನಬದ್ಧ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು. ನಮ್ಮ ಕೇಂದ್ರ ಸರಕಾರವು 2019ರಲ್ಲಿ ಸೂಚಿಸಿದ ತಳಮಟ್ಟದ ಕೂಲಿ ದಿನಕ್ಕೆ 178 ರೂಪಾಯಿ! ಕರ್ನಾಟಕದ ದರಗಳು ಅದಕ್ಕಿಂತ ಹೆಚ್ಚೆಂಬುದು ನಿಜ. ಆದರೂ ಅಂತರ ಅಗಾಧ.

ಇಂತಹ ಅಂಕೆಗಳನ್ನು ಕೇಳಿಯೇ ಜನವಾಡ, ಭಾಲ್ಕಿ, ಔರಾದ್‌ಗಳ ಯುವಕರು ವಿದೇಶದ ಕನಸು ಕಾಣುತ್ತಾರೆ. ಅದು ತಪ್ಪಲ್ಲ. ಆದರೆ ರಿಯಾಲನ್ನು ರೂಪಾಯಿಗೆ ಗುಣಿಸಿದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಕತಾರ್ 2021ರ ಮಾರ್ಚ್‌ನಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನು ಜಾರಿಗೊಳಿಸಿದಾಗ, ಮಾಲಿಕನು ವಸತಿ ನೀಡದಿದ್ದರೆ 500, ಊಟ ನೀಡದಿದ್ದರೆ 300 ರಿಯಾಲ್ ಪ್ರತ್ಯೇಕವಾಗಿ ಕೊಡಬೇಕೆಂದೂ ವಿಧಿಸಿತು. ಬಾಡಿಗೆ ಮತ್ತು ಊಟದ ಖರ್ಚು ಕಳೆದ ಬಳಿಕ ಉಳಿಯುವುದೇ ನಿಜವಾದ ಕೂಲಿ ಎಂಬುದನ್ನು ಆ ಕಾನೂನೇ ಒಪ್ಪಿಕೊಂಡಂತಾಯಿತು.

ಮಲೇಷ್ಯಾದ ರಬ್ಬರ್ ಕೈಗವಸು ಕಾರ್ಖಾನೆಗಳ ಕಥೆ ಇನ್ನೂ ಕಹಿ. ಕೊರೋನಾ ಕಾಲದಲ್ಲಿ ಜಗತ್ತಿಗೆಲ್ಲಾ ಕೈಗವಸು ಪೂರೈಸಿದ ಟಾಪ್ ಗ್ಲೋವ್ ಸಂಸ್ಥೆಯ ಸರಕನ್ನು ಬಲವಂತದ ದುಡಿಮೆಯ ಆರೋಪದ ಮೇಲೆ ಅಮೆರಿಕವು 2020ರಲ್ಲಿ ತಡೆಯಿತು. ನೇಪಾಳ, ಬಾಂಗ್ಲಾದೇಶಗಳ ಕಾರ್ಮಿಕರು ಕೆಲಸಕ್ಕಾಗಿ ಏಜೆಂಟರಿಗೆ ತೆತ್ತ ಹಣಕ್ಕೆ ಪರಿಹಾರವಾಗಿ ಸಂಸ್ಥೆಯು 13 ಕೋಟಿಗೂ ಹೆಚ್ಚು ರಿಂಗಿಟ್ ಮರಳಿಸಬೇಕಾಯಿತು. ಕೂಲಿ ಪಡೆಯುವ ಮೊದಲೇ ಸಾಲಗಾರನಾದವನಿಗೆ ಕೂಲಿಯ ಅಂಕೆ ಎಷ್ಟಿದ್ದರೇನು?

ನಮ್ಮಲ್ಲಿಯೂ ನೋಂದಾಯಿತ ಏಜೆಂಟನು ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ತಾಯಿಯ ಒಡವೆ ಮಾರಿ ಅದಕ್ಕಿಂತ ಹೆಚ್ಚು ತೆರುವ ಮುನ್ನ ಪ್ರತಿ ಕುಟುಂಬವೂ ಇದನ್ನು ಅರಿತಿರಬೇಕು.

ಊರಲ್ಲೇ ಉಳಿದವರ ಹಕ್ಕೂ ಸಣ್ಣದಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕನಿಷ್ಠ ವೇತನವು ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ತಿಂಗಳ ಸಂಬಳವು ಮುಂದಿನ ತಿಂಗಳ 7ರೊಳಗೆ ಕೈ ಸೇರಬೇಕು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಸಲ್ಲಬೇಕು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದನ್ನು ಬಾಲ್ಯದಿಂದಲೇ ಕೇಳಿ ಬೆಳೆದ ಸಮುದಾಯಕ್ಕೆ ಇದು ಹೊಸತೇನೂ ಅಲ್ಲ. ಪರದೇಶದ ಮಾಲಿಕರಿಂದ ನ್ಯಾಯ ಬಯಸುವ ನಾವು, ನಮ್ಮದೇ ಅಂಗಡಿ, ಘಟಕಗಳಲ್ಲಿ ದುಡಿಯುವ ಹುಡುಗರಿಗೆ ಆ ನ್ಯಾಯವನ್ನು ಸಲ್ಲಿಸುತ್ತಿದ್ದೇವೆಯೇ? ಹೋಲಿಕೆ ಅಲ್ಲಿಂದಲೇ ಆರಂಭವಾಗಲಿ.