ಹೆಸರಿನ ಮರೆ

ಅಂತರ್ಜಾಲದಲ್ಲಿ ಬರೆಯತಕ್ಕವರೆಲ್ಲರೂ ತಮ್ಮ ನಿಜನಾಮವನ್ನೂ ಗುರುತನ್ನೂ ಒಪ್ಪಿಸಿಯೇ ಬರೆಯಬೇಕೆಂದು ಕಾನೂನು ಮಾಡಬೇಕೆಂಬ ಕೂಗು ಆಗಾಗ ಏಳುತ್ತಿರುವುದು. ಹೆಸರಿಲ್ಲದವನಿಗೆ ಹೊಣೆಯಿಲ್ಲ, ಹೊಣೆಯಿಲ್ಲದವನ ಬಾಯಿಗೆ ಬೀಗವಿಲ್ಲ ಎಂಬುದೇ ಈ ಪಕ್ಷದವರ ವಾದಸಾರ. ಕೇಳುವುದಕ್ಕೆ ಇದು ನ್ಯಾಯವೆಂದೇ ತೋರುವುದು. ಪರೀಕ್ಷಿಸಿ ನೋಡಿದಲ್ಲಿ ಮಾತ್ರ, ಒಬ್ಬ ಕಳ್ಳನ ಭಯಕ್ಕೆ ಊರಿನವರೆಲ್ಲರ ಬೀಗದ ಕೈಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಡುವ ಉಪಾಯವಿದೆಂಬುದು ಗೊತ್ತಾಗದೆ ಇರದು.

ಈ ಉಪಾಯವನ್ನು ಒಂದು ದೇಶವು ಆಚರಿಸಿಯೂ ನೋಡಿತು. ದಕ್ಷಿಣ ಕೊರಿಯದಲ್ಲಿ ೨೦೦೭ರಲ್ಲಿ ಇಂಥ ಕಾನೂನು ಜಾರಿಗೆ ಬಂದಿತು. ದೊಡ್ಡ ಜಾಲತಾಣಗಳಲ್ಲಿ ಬರೆಯಬೇಕೆನ್ನುವವರು ಮೊದಲು ತಮ್ಮ ಗುರುತನ್ನು ದೃಢಪಡಿಸಬೇಕಾಯಿತು. ಪ್ರಜೆಗಳ ನೋಂದಣಿಸಂಖ್ಯೆಗಳು ಖಾಸಗಿ ಸಂಸ್ಥೆಗಳ ಉಗ್ರಾಣಗಳಲ್ಲಿ ರಾಶಿಬಿದ್ದವು. ೨೦೧೧ರಲ್ಲಿ ಅಂಥದೊಂದು ಉಗ್ರಾಣಕ್ಕೆ ಕನ್ನಬಿದ್ದು, ಸುಮಾರು ೩.೫ ಕೋಟಿ ಬಳಕೆದಾರರ ವಿವರಗಳು ಪರರ ಪಾಲಾದುವು. ಆ ದೇಶದ ಜನಸಂಖ್ಯೆಯಾದರೋ ಸುಮಾರು ೫ ಕೋಟಿ! ೨೦೧೨ರ ಆಗಸ್ಟ್ ೨೩ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು ಏಕಮತದಿಂದ ಆ ಕಾನೂನನ್ನು ರದ್ದುಗೊಳಿಸಿತು. ಕಾನೂನುಬಾಹಿರವಾದ ಬರಹಗಳು ಗಣನೀಯವಾಗಿ ತಗ್ಗಲಿಲ್ಲವೆಂದೂ ಬರೆಯುವವರು ವಿದೇಶದ ತಾಣಗಳಿಗೆ ವಲಸೆಹೋದರೆಂದೂ ನ್ಯಾಯಾಲಯವು ಕಂಡುಕೊಂಡಿತು. ಬೈಯುವ ನಾಲಗೆ ಬೈಯುತ್ತಲೇ ಇದ್ದಿತು. ಸಾಧುಗಳ ಗುಟ್ಟು ಮಾತ್ರ ಬೀದಿಗೆ ಬಿದ್ದಿತು.

ಹೆಸರನ್ನು ಮರೆಸುವವರೆಲ್ಲರೂ ಹೇಡಿಗಳೆಂಬ ಮಾತೂ ವಿಚಾರಶೂನ್ಯವಾದುದು. ಗಂಡನ ಹೊಡೆತಕ್ಕೆ ನೊಂದು ಅಪರಿಚಿತರಲ್ಲಿ ಬುದ್ಧಿಮಾತನ್ನು ಬೇಡುವ ಗೃಹಿಣಿ, ಮೇಲಧಿಕಾರಿಯ ಲಂಚಕೋರತನವನ್ನು ಬಯಲಿಗೆಳೆಯುವ ಗುಮಾಸ್ತ, ನೆರೆಹೊರೆಯವರಿಗೆ ಹೇಳಿಕೊಳ್ಳಲಾರದ ರೋಗದಿಂದ ಬಳಲುವ ತರುಣ, ಇವರು ಹೇಡಿಗಳೆ? ಇವರ ಮರೆಯನ್ನು ಕಿತ್ತೆಸೆದರೆ ಇವರು ಸತ್ಯವನ್ನು ಧೈರ್ಯವಾಗಿ ನುಡಿಯುವರೆಂದಲ್ಲ. ಬಾಯಿಮುಚ್ಚಿ ಕುಳಿತುಕೊಳ್ಳುವರೆಂದೇ ತಿಳಿಯತಕ್ಕದ್ದು. ಇನ್ನು ನಂದಳಿಕೆಯ ಲಕ್ಷ್ಮೀನಾರಣಪ್ಪನು (೧೮೭೦–೧೯೦೧) ತನ್ನ ಹೆಸರನ್ನು ಮರೆಮಾಡಿ, ಮುದ್ದಣನಾಗಿ ಶ್ರೀರಾಮಾಶ್ವಮೇಧವನ್ನು ಬರೆದನು. ಅದರಿಂದ ಕನ್ನಡಕ್ಕೆ ಯಾವ ನಷ್ಟವಾಯಿತು? ಕೃತಿಯ ಯೋಗ್ಯತೆ ಕೃತಿಯಲ್ಲಿರುವುದೇ ಹೊರತು ಕರ್ತೃವಿನ ವಿಳಾಸದಲ್ಲಿಲ್ಲ.

ಹಾಗಾದರೆ ದುಷ್ಟರಿಗೆ ಶಿಕ್ಷೆ ಬೇಡವೆ? ಬೇಕು, ಅವಶ್ಯವಾಗಿ ಬೇಕು. ಬೆದರಿಕೆ ಹಾಕಿದವನನ್ನೂ ಮಾನಹಾನಿ ಮಾಡಿದವನನ್ನೂ ಆಯಾ ಅಪರಾಧದ ಸಂಬಂಧವಾಗಿ, ನ್ಯಾಯಾಲಯದ ಅಪ್ಪಣೆಯಿಂದ ಹುಡುಕಿ ದಂಡಿಸಲಿ. ಅಪರಾಧವಾದ ಬಳಿಕ ಅಪರಾಧಿಯನ್ನು ಶೋಧಿಸುವುದು ಬೇರೆ. ಅಪರಾಧಕ್ಕೆ ಮುಂಚೆಯೇ ಎಲ್ಲರನ್ನೂ ಅಪರಾಧಿಗಳೆಂದು ಬಗೆದು ಪಟ್ಟಿಮಾಡುವುದು ಬೇರೆ.

ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ೯ ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಮರೆಯತಕ್ಕ ಸಂಗತಿಯಲ್ಲ. ೨೦೨೧ರ ಕೇಂದ್ರ ಸರಕಾರದ ನಿಯಮಗಳು ಕೂಡ, ದೊಡ್ಡ ಸಾಮಾಜಿಕ ಮಾಧ್ಯಮಗಳಲ್ಲಿ ಗುರುತನ್ನು ದೃಢಪಡಿಸುವ ಕಾರ್ಯವನ್ನು ಬಳಕೆದಾರರ ಇಚ್ಛೆಗೇ ಬಿಟ್ಟಿವೆ. ಆ ಇಚ್ಛೆಯನ್ನು ಬಲಾತ್ಕಾರವಾಗಿ ಮಾರ್ಪಡಿಸಬೇಕೆನ್ನುವವರು ಮೊದಲು ಕೊರಿಯದ ಅನುಭವಕ್ಕೆ ಉತ್ತರ ಹೇಳಲಿ. ಮನೆಗೆ ಬಾಗಿಲು ಇರುವುದು ಒಳಗೆ ಪಾಪ ನಡೆಯುವುದೆಂದಲ್ಲ. ಒಳಗೆ ಮನುಷ್ಯರು ಬಾಳುವರೆಂದು.